ಮೂವತ್ತೈದೋ ನಲವತ್ತೋ

ಮೇಜಿನ ಮೇಲೆ ನಾಲ್ಕು ಪ್ರೊಪೆಲರ್,
ಗುಂಡಿ ಡಬ್ಬಿಯ ಮುಚ್ಚಳದಲ್ಲಿ.
ಮೂವತ್ತು, ಮೂವತ್ತೈದು, ನಲವತ್ತು ಮಿಲಿಮೀಟರು;
ನಾಲ್ಕನೆಯದರ ಅಂಚು ಕಲ್ಲಿಗೆ ತಾಗಿ ಮುಕ್ಕು,
ಅದರ ಅಳತೆ ಈಗ ಯಾರೂ ಕೇಳುವುದಿಲ್ಲ.

‘ದೊಡ್ಡದನ್ನೇ ಹಾಕು, ಇಲ್ಕಾ’ ಅನ್ನುತ್ತಾನೆ ಯೆನೊ,
ಕೆಸರಿನ ಬೂಟಿನಲ್ಲೇ ಒಳಗೆ ಬಂದು.
ಅವನಿಗೆ ಎಲ್ಲವೂ ದೊಡ್ಡದಾಗಬೇಕು:
ಮೀನು, ಮಾತು, ಸೂಪಿನ ಬಟ್ಟಲು.
ಟಿಸಾ ನದಿ ದಾರಿ ಬದಲಿಸಿ ಬಿಟ್ಟುಹೋದ ಹಳೆಯ ತೋಳಿನಲ್ಲಿ
ಇನ್ನೂರು ಮೀಟರಾಚೆಯ ಜೊಂಡಿನ ಬುಡಕ್ಕೆ
ಒಂದು ಕಿಲೋ ಬೆಂದ ಮೆಕ್ಕೆಜೋಳ, ಒಂದು ಗಾಳ
ಹೊತ್ತು, ಸುರಿದು, ತಿರುಗಿ ಬರಬೇಕು
ನನ್ನ ತೋಳುದ್ದದ ಈ ದೋಣಿ.

ಮೂವತ್ತೊಂದು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವಳು ನಾನು.
ದೋಣಿ ಗೊತ್ತಿಲ್ಲ. ಮೋಟಾರು ಗೊತ್ತು,
ಅದು ಸಾಯುವ ಮುಂಚೆ ಬರುವ ವಾಸನೆ ಗೊತ್ತು.
ಪಿಚ್ ಅಂದರೇನು ಎಂದು ಯೆನೊ ಕೇಳಿದ.
ಹೊಲಿಗೆಯ ಉದ್ದ, ಅಂದೆ. ಸೂಜಿ ಒಮ್ಮೆ ಇಳಿದೇಳುವಷ್ಟರಲ್ಲಿ
ಬಟ್ಟೆ ಎಷ್ಟು ಮುಂದೆ ಸರಿಯಿತು, ಅದು.
ವ್ಯಾಸವೋ, ಒಂದೇ ಸಲಕ್ಕೆ ಎಷ್ಟು ಪದರ
ಸೂಜಿಯ ಕೆಳಗೆ ತುರುಕಿದೆ, ಅದು.
ತೆಳು ಮಲ್ಲಿಗೆ ಉದ್ದ ಹೊಲಿಗೆ ಹಾಯಾಗಿ ಓಡುತ್ತದೆ.
ಕುದುರೆಯ ಜೀನಿಗೆ ಹಾಕಿ ನೋಡು:
ಯಂತ್ರ ನರಳುತ್ತದೆ, ಬೆಲ್ಟು ಜಾರುತ್ತದೆ,
ಆಮೇಲೆ ಬೀದಿ ದಾಟಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಗಂಭೀರವಾಗಿ ತಲೆಯಾಡಿಸಿದ.
ನಲವತ್ತನ್ನೇ ಹಾಕಿದ.

ನನ್ನ ಬಚ್ಚಲ ತೊಟ್ಟಿಯಲ್ಲಿ ಕುಣಿಯಿತು ದೋಣಿ,
ಗೋಡೆಗೆ, ಕನ್ನಡಿಗೆ, ಒಗೆದಿಟ್ಟ ಟವೆಲ್ಲಿಗೆ ನೀರು.
ಖಾಲಿ ಹೊಟ್ಟೆಯ ದೋಣಿಗೆ ಯಾವ ಪ್ರೊಪೆಲರ್ ಆದರೂ ಹಬ್ಬ.
ಶನಿವಾರ ಬೆಳಿಗ್ಗೆ ಜೋಳ ತುಂಬಿಸಿ ಬಿಟ್ಟ.
ಮದುವೆಯ ಗಂಡಿನ ಹಾಗೆ ಮೂತಿ ಎತ್ತಿ ಹೊರಟಿತು,
ನೂರು, ನೂರಿಪ್ಪತ್ತು ಮೀಟರು.
ನಿಂತಿತು.
ಒಂದೆಳೆ ಹೊಗೆ.
ಬಾತುಕೋಳಿಗಳು ಸುತ್ತ ನೆರೆದು
ಜೋಳದ ಲೆಕ್ಕ ನೋಡಿದವು.

ಆಮೇಲೆ ಯೆನೊ ಪ್ಯಾಂಟು ಬಿಚ್ಚಿ
ಅಕ್ಟೋಬರಿನ ನೀರಿಗೆ ಇಳಿದದ್ದನ್ನು
ಯಾರಿಗೂ ಹೇಳಬಾರದು ಎಂದಿದ್ದಾನೆ. ಹೇಳಿಲ್ಲ.

ಹೊಸ ಮೋಟಾರು. ಹದಿನೆಂಟು ಆಂಪಿಯರಿಗಿಂತ
ಹೆಚ್ಚು ಕುಡಿಸಬೇಡಿ ಎಂದು ಪೆಟ್ಟಿಗೆಯ ಮೇಲೇ ಬರೆದಿದೆ.
ಈ ಸಲ ದೋಣಿಗೆ ಮೊದಲು ಜೋಳ ತುಂಬಿದೆ,
ನಲ್ಲಿಗೆ ದಾರ ಕಟ್ಟಿ ತೊಟ್ಟಿಯಲ್ಲಿ ಎಳೆಯಲು ಬಿಟ್ಟೆ.
ನಲವತ್ತು: ಮೀಟರಿನ ಮುಳ್ಳು ಇಪ್ಪತ್ತಾರು,
ಒಂದೇ ನಿಮಿಷಕ್ಕೆ ಮೋಟಾರಿನ ಮೇಲೆ ಬೆರಳಿಡಲಾಗದು.
ಮೂವತ್ತು: ಒಂಬತ್ತು. ತಣ್ಣಗೆ, ಸೋಮಾರಿಯಾಗಿ,
ದಾರ ಬಿಗಿಯಲೂ ಇಲ್ಲ; ಎದುರು ಗಾಳಿ ಬಂದರೆ ಮನೆಗೆ ಬಾರದು.
ಮೂವತ್ತೈದು: ಹದಿನೈದರ ಹತ್ತಿರ.
ಬೆರಳಿಟ್ಟು ಎಣಿಸಿದೆ. ಹತ್ತರವರೆಗೂ ತಡೆಯಿತು,
ಹನ್ನೊಂದಕ್ಕೆ ತೆಗೆದೆ. ಸಾಕು.

ಕೊಳದಲ್ಲಿ ಅದು ಹೋದದ್ದು ನೋಡಲು ಚೆನ್ನಾಗಿರಲಿಲ್ಲ,
ಸಂತೆಯಿಂದ ಚೀಲ ಹೊತ್ತ ಹೆಂಗಸಿನ ನಡಿಗೆ,
ನೇರ, ಬಿಗುವು, ಯಾರನ್ನೂ ನೋಡದೆ.
ಹಿಂದೆ ನೀರಿನಲ್ಲಿ ಬಿದ್ದ ಹೊಲಿಗೆ
ಬಿದ್ದಂತೆಯೇ ಬಿಚ್ಚಿಕೊಳ್ಳುತ್ತಿತ್ತು.
ಜೊಂಡಿನ ಬುಡದಲ್ಲಿ ಸುರಿಯಿತು.
ಹಗುರಾಗಿ, ಎಷ್ಟು ಬೇಗ ಬಂತೆಂದರೆ
ಯೆನೊ ಸಿಗರೇಟು ಹಚ್ಚುವುದನ್ನೂ ಮರೆತ.

ಮೀನು ಬೀಳಲಿಲ್ಲ. ಆ ದಿನ ಯಾರಿಗೂ ಬೀಳಲಿಲ್ಲ.

ಸಂಜೆ ಡಬ್ಬಿಯ ಮುಚ್ಚಳವನ್ನು ಬೆಳಕಿಗೆ ಹಿಡಿದು
ಆ ಮುಕ್ಕಾದದ್ದನ್ನು ಎತ್ತಿಕೊಂಡ.
‘ಇದನ್ನು ಸುತ್ತಲೂ ಅರದಲ್ಲಿ ಉಜ್ಜಿದರೆ
ಮೂವತ್ತೇಳು ಆಗುತ್ತದಲ್ಲವಾ, ಇಲ್ಕಾ?’

ಆಗುವುದಿಲ್ಲ, ಅಂದೆ.
ಅರ ಆಗಲೇ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು.